ಕಿಕ್ ಹೊಡಿಯೂಕಿಂತ ಮೊದಲ

ಈ ತಿಂಗಳು ಸಂಪಾದಕರು ಹಳೇ ಬೈಕಿನ ಬಗ್ಗೆ ಓದುಗರು ಬರದ ಒಂದು ಕಟ್ಟು ಪತ್ರ ಕೈಯಾಗ ಕೊಟ್ಟು, "ಅಣ್ಣಾರ, ಅರ್ಧಕ್ಕಿಂತ ಹೆಚ್ಚು ಬಣ್ಣದ ಪ್ರಶ್ನೆನ ಅದಾವ ನೋಡ್ರಿ" ಅಂದ್ರು. ಹಳೇ ಹುಬ್ಬಳ್ಳಿ ಗ್ಯಾರೇಜಿಗೆ ತಂದು ಸಂಜಿ ಚಾ ಕುಡಕೋತ ಓದಿದೆ. ಖರೇನ. ಯಾವ ಕೆಂಪು ಹೊಡಸಲಿ, ಪಟ್ಟಿ ಬಂಗಾರದ್ದೋ ಬೆಳ್ಳಗಿಂದೋ, ಸ್ಪೋಕಿಗೆ ಕರೀ ಬಣ್ಣ ಒಪ್ಪತೈತೇನು. ಗಾಡಿ ಇನ್ನೂ ಚಾಲೂನ ಆಗಿಲ್ಲ, ಬಣ್ಣ ಮಾತ್ರ ಕನಸಿನ್ಯಾಗ ಬಂದುಬಿಟ್ಟೈತಿ. ಆ ಪತ್ರ ಎಲ್ಲಾ ಪಾನಾ ಡಬ್ಬಿ ಕೆಳಗ ಇಟ್ಟೀನಿ. ಒಂದಕ್ಕ ಅಷ್ಟ ಕಡೀಕ ಉತ್ತರ ಕೊಡ್ತೀನಿ.

ಪ್ರ: ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್, 1989ರದ್ದು, ಹನ್ನೊಂದು ವರ್ಷದಿಂದ ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದೆ. ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಮೊನ್ನೆ ಕಿಕ್ ಹೊಡೆಯಲು ಹೋದರೆ ಕೆಳಗೆ ಇಳಿಯಲೇ ಇಲ್ಲ. ಗೆಳೆಯನೊಬ್ಬ ಕಿಕ್ ಮೇಲೆ ನಿಂತು ಜಿಗಿದರೂ ಆಗಲಿಲ್ಲ. ಎಂಜಿನ್ ಹೋಯಿತೇ?
— ಮುಂಡರಗಿ ತಾಲ್ಲೂಕಿನ ಓದುಗ

ಉ: ಮೊದಲ ಆ ಗೆಳೆಯಾನ್ನ ಗಾಡಿ ಹತ್ತರ ಬಿಡಬ್ಯಾಡ್ರಿ. ಹಂಗ ಜಿಗದವರ ಪೈಕಿ ನಾನೂ ಒಬ್ಬ, ಅದನ್ನ ಆಮ್ಯಾಲ ಹೇಳ್ತೀನಿ.

ಎಂಜಿನ್ ಹೋಗಿಲ್ಲ, ಹಿಡದೈತಿ. ಎರಡಕ್ಕೂ ಭಾಳ ಫರಕ್ ಐತಿ. ಯೆಜ್ಡಿ ಸಿಲಿಂಡರ್ ಬೀಡು ಕಬ್ಬಿಣದ್ದು, ರಿಂಗೂ ಅದರದ್ದ. ಹನ್ನೊಂದು ಮಳಿಗಾಲದ ತಂಪು ಸೈಲೆನ್ಸರ್‌ದಿಂದ ಒಳಗ ಹೊಕ್ಕು ಎರಡನ್ನೂ ಕೂಡಿಸಿ ಜಂಗ್ ಹಿಡಿಸಿರ್ತೈತಿ. ಅದನ್ನ ಬಿಡಿಸಾಕ ಬೇಕಾಗೂದು ಎಣ್ಣಿ, ಮತ್ತ ನಿಮ್ಮ ತಾಳ್ಮಿ.

ಪ್ಲಗ್ ಬಿಚ್ಚ್ರಿ. ಅರ್ಧ ಡೀಸೆಲ್, ಅರ್ಧ 2ಟಿ (ಟೂ ಸ್ಟ್ರೋಕ್) ಆಯಿಲ್ ಕೂಡಿಸಿ ಒಂದು ಚಾ ಕಪ್ಪಿನಷ್ಟು ಪ್ಲಗ್ ತೂತಿನ್ಯಾಗ ಹಾಕಿ, ಬಟ್ಟಿ ತುರುಕಿ ಮಲಗ್ರಿ. ಮುಂಜಾನೆ ಟಾರ್ಚ್ ಹಾಕಿ ಇಣುಕಿ ನೋಡ್ರಿ. ಎಣ್ಣಿ ಕೆಳಗ ಇಳದಿದ್ರ ಖುಷಿ ಪಡ್ರಿ, ರಿಂಗಿನ ಸಂದಿ ಬಿಡಾಕತ್ತೈತಿ ಅಂತ ಅರ್ಥ. ಮತ್ತೊಂದು ಕಪ್ಪು ಹಾಕ್ರಿ. ಮೂರು ದಿನ, ನಾಕು ದಿನ, ಬೇಕಾದ್ರ ಎಂಟು ದಿನ. ಆಮ್ಯಾಲೂ ಕಿಕ್ ಮುಟ್ಟಬ್ಯಾಡ್ರಿ. ಗಾಡಿ ನಾಕನೇ ಗೇರಿಗೆ ಹಾಕಿ, ಹಿಂದಿನ ಗಾಲಿ ಹಿಡದು ಮುಂದ ತುಸು, ಹಿಂದ ತುಸು ಅಲುಗಾಡಿಸ್ರಿ, ತೊಟ್ಟಿಲಾ ತೂಗಿದಂಗ. ಕಿಕ್ ಒಂದ ಕಡೆ ದೂಡತೈತಿ, ಗಾಲಿ ಎರಡೂ ಕಡೆ ಎಳೀತೈತಿ. ಹಿಡದ ಪಿಸ್ಟನ್ ಬಿಡೂದು ಹಿಂಗ ಹಿಂದ-ಮುಂದ ಮಾಡಿದಾಗನ.

ಇನ್ನ ನನ್ನ ಸುದ್ದಿ. ನಾನು ಹದಿನಾಕು ವರ್ಷದ ಹುಡುಗ ಇದ್ದಾಗ 1979ರಾಗ ಹೆಲ್ಪರ್ ಅಂತ ಈ ಕೆಲಸಕ್ಕ ಬಂದವ. ಸ್ವಂತ ಗ್ಯಾರೇಜ್ ಹಾಕಿದ ವರ್ಷ ಅಣ್ಣಿಗೇರಿಯಿಂದ ಒಂದು ಯೆಜ್ಡಿ ಬಂತು, ನಿಮ್ಮದರಂಗ ಹಿಡದಿದ್ದು. ನಾನೂ ಕಿಕ್ ಮ್ಯಾಲ ನಿಂತು ಜಿಗದೆ. ಮೂರನೇ ಸಲಕ್ಕ ಕಿಕ್ ಇಳೀತು, "ನೋಡ್ರಿ, ಬಿಡ್ತು" ಅಂತ ಗಾಡಿ ಮಾಲಕಗ ಕೂಗಿ ಹೇಳಿದೆ. ಗಾಡಿ ಚಾಲೂ ಆತು, ಎರಡು ನಿಮಿಷ ಓಡ್ತು, ಒಳಗ ಯಾರೋ ಗಾಜು ಅರದಂಗ ಸಪ್ಪಳಾತು. ಬಿಚ್ಚಿ ನೋಡಿದ್ರ ರಿಂಗು ಮೂರು ತುಂಡು, ಸಿಲಿಂಡರ್ ಗೋಡಿ ಮ್ಯಾಲ ಬೆರಳು ಹಿಡಿಯೂವಷ್ಟು ಗೀರು. 65 ಮಿಲಿಮೀಟರ್ ಸ್ಟ್ಯಾಂಡರ್ಡ್ ಬೋರ್ ಇದ್ದದ್ದು, ಗೀರು ಹೋಗೂತನಕ ಕೊರದು 0.50 ಓವರ್‌ಸೈಜ್ ಪಿಸ್ಟನ್ ಹಾಕಬೇಕಾತು. ರೊಕ್ಕ ನನ್ನ ಕಿಸೇದಾಗಿಂದು.

ನೀವು ಸಿಲಿಂಡರ್ ಬಿಚ್ಚೂ ಪ್ರಸಂಗ ಬಂದ್ರ ಒಂದು ಮಾತು ಕೇಳ್ರಿ. ಪಿಸ್ಟನ್ನಿನ್ಯಾಗ ರಿಂಗು ಕೂಡೂ ಹರಿ ಐತಲ್ಲ, ಅದರಾಗ ಸಾಸಿವಿ ಕಾಳಿನಷ್ಟು ಒಂದು ಪಿನ್ ಇರ್ತೈತಿ. ಉಗುರು ಆಡಿಸಿದ್ರ ಸಿಗ್ತೈತಿ. ರಿಂಗಿನ ಎರಡೂ ತುದಿ ಆ ಪಿನ್ನಿನ ಆಜೂಬಾಜೂ ಬಂದು ಕೂಡಬೇಕು. ಬುಲೆಟ್ ಅಂಥಾ ಫೋರ್ ಸ್ಟ್ರೋಕ್ ಗಾಡ್ಯಾಗ ಈ ಪಿನ್ ಇರಂಗಿಲ್ಲ, ರಿಂಗು ತನಗ ತಿಳದಂಗ ತಿರಗಲಿ ಅಂತ ಬಿಟ್ಟಿರ್ತಾರ. ಟೂ ಸ್ಟ್ರೋಕಿನ ಸಿಲಿಂಡರ್ ಗೋಡ್ಯಾಗ ಕಿಂಡಿ (ಪೋರ್ಟ್) ಅದಾವ. ರಿಂಗು ತಿರಗಿ ಅದರ ತುದಿ ಕಿಂಡಿಯೊಳಗ ಇಣಕಿತೋ, ಚಟ್ ಅಂತ ಮುರೀತು. ಪಿನ್ ಮ್ಯಾಲ ರಿಂಗಿನ ತುದಿ ಹತ್ತಿ ಕೂತಿದ್ರ ಸಿಲಿಂಡರ್ ಇಳಿಯೂ ಮುಂದ ತುಸು ಬಿಗಿ ಅನಸ್ತೈತಿ. ಆ ಬಿಗಿಗೆ ಸುತ್ತಿಗಿಲೆ ಬಡೀಬ್ಯಾಡ್ರಿ. ಎತ್ತಿ, ಮತ್ತ ನೋಡಿ, ಮತ್ತ ಇಳಸ್ರಿ.

ಟ್ಯಾಂಕಿನ ಒಳಗಿನ ಜಂಗಿಗೆ ಆ್ಯಸಿಡ್ ಹಾಕಸಬ್ಯಾಡ್ರಿ, ಜಂಗಿನ ಕೂಡ ತಗಡೂ ತಿಂತೈತಿ. ದನದ ಹಿಂಡಿ ಮಾರೂ ಅಂಗಡ್ಯಾಗ ಕಾಕಂಬಿ ಕೇಳ್ರಿ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಪೆಟ್ರೋಲ್ ಕಾಕ್ ಬಿಚ್ಚಿ, ತೂತಿಗೆ ಬೂಚ್ ಹಾಕಿ, ಟ್ಯಾಂಕ್ ತುಂಬಿಸಿ ಎರಡು-ಮೂರು ವಾರ ಹಿತ್ತಲದಾಗ ಇಡ್ರಿ. ನಾತ ಹೊಡಿತೈತಿ, ಮನ್ಯಾಗ ಬೈಸಿಕೋತೀರಿ. ಆದ್ರ ಒಳಗಿನ ತಗಡು ಬೂದಿ ಬಣ್ಣಕ್ಕ ತಿರಗಿ ಸ್ವಚ್ಛ ಬರ್ತೈತಿ. ಕಾರ್ಬೊರೇಟರ್ ಮಾತ್ರ ಅದರಾಗ ಅದ್ದಬ್ಯಾಡ್ರಿ, ಅಲ್ಯೂಮಿನಿಯಂಗೆ ಕಾಕಂಬಿ ಆಗಿ ಬರಂಗಿಲ್ಲ. ಟ್ಯಾಂಕ್ ತೊಳದು ಬಿಸಲಾಗ ಒಣಗಿದ ಮ್ಯಾಲ ಹೊತ್ತು ಕಳೀಬ್ಯಾಡ್ರಿ. 2ಟಿ ಆಯಿಲ್ ಕೂಡಿಸಿದ ಪೆಟ್ರೋಲ್ ಒಳಗ ಹಾಕಿ ಅಲುಗಾಡಿಸ್ರಿ, ಇಲ್ಲಂದ್ರ ಚಾ ಕುಡದು ಬರೂದ್ರಾಗ ಮತ್ತ ಕೆಂಪು ಹತ್ತಿರ್ತೈತಿ.

ಚಾಲೂ ಆದ ಮ್ಯಾಲ ಕ್ರ್ಯಾಂಕ್ ಸೀಲ್, ಅಂದ್ರ ಕ್ರ್ಯಾಂಕಿನ ಎರಡೂ ಬಾಜೂ ಇರೂ ರಬ್ಬರ್ ಸೀಲ್, ನೋಡೂದು ಉಳೀತು. ಹನ್ನೊಂದು ವರ್ಷಕ್ಕ ಅವು ಕಡಕ್ ರೊಟ್ಟಿ ಆಗಿರ್ತಾವ. ಬೆಳ್ಳಗ ಹೊಗಿ ನಿಲ್ಲದಂಗ ಬರಾಕತ್ತಿ, ಗೇರ್ ಬಾಕ್ಸಿನ ಆಯಿಲ್ ಕಮ್ಮಿ ಆಗಾಕತ್ರ ಎಡಗಡೆ, ಕ್ಲಚ್ ಬಾಜೂದ ಸೀಲ್ ಹೋಗೈತಿ. ಎಂಜಿನ್ ಆ ಆಯಿಲ್ ಎಳದು ಸುಡಾಕತ್ತೈತಿ. ಎಕ್ಸಲೇಟರ್ ಬಿಟ್ಟರೂ ಗಾಡಿ ತಾನ ರೇಸ್ ಆದ್ರ ಬಲಗಡೆ ಸೀಲಿನಾಗಿಂದ ಗಾಳಿ ಹೊಗಾಕತ್ತೈತಿ. ಎರಡನೇದು ಹೆಚ್ಚು ಕೆಟ್ಟದ್ದು. ಗಾಳಿ ಹೆಚ್ಚಾದ್ರ ಎಂಜಿನ್ ಕಾಯ್ದು ಮತ್ತ ಹಿಡೀತೈತಿ. ಎರಡೂ ಸೀಲ್ ಒಮ್ಮೆಲೆ ಬದಲಾಯಿಸ್ರಿ.

ಒಂದು ಕೇಳೂದು ಮರತಿದ್ದೆ. ಯೆಜ್ಡ್ಯಾಗ ಗೇರಿನ ಲಿವರ್, ಕಿಕ್ಕಿನ ಲಿವರ್ ಎರಡೂ ಒಂದ. ಒಳಗ ಒತ್ತಿ ಮ್ಯಾಲ ತಿರುವಿ ಆಮ್ಯಾಲ ಹೊಡದ್ರಿ, ಹೌದಲ್ಲೋ? ನಿಮ್ಮ ಗೆಳೆಯಾ ಗೇರಿನ ಮ್ಯಾಲ ನಿಂತು ಜಿಗದಿದ್ರ ಇಷ್ಟೆಲ್ಲಾ ಬರದದ್ದು ದಂಡ.

ಪ್ರ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಒಬ್ಬರು ಯಮಹಾ ಆರ್‌ಎಕ್ಸ್ 100 ಮಾರುತ್ತಿದ್ದಾರೆ, ಒಂದು ಲಕ್ಷ ಇಪ್ಪತ್ತು ಸಾವಿರ ಹೇಳುತ್ತಿದ್ದಾರೆ. ಹೊಸ ಬಣ್ಣ, ಹೊಸ ಸೀಟು, ಹೊಸ ಕ್ರೋಮ್, ಶೋರೂಮ್‌ನಿಂದ ಬಂದ ಹಾಗಿದೆ. ಆರ್‌ಸಿಯಲ್ಲಿ 2001 ಎಂದಿದೆ. ತೆಗೆದುಕೊಳ್ಳಲೇ?
— ವಿದ್ಯಾನಗರ, ಹುಬ್ಬಳ್ಳಿ

ಉ: ತಮ್ಮಾ, ಆರ್‌ಎಕ್ಸ್ 100 ಬಂದದ್ದು 1985ಕ್ಕ, ಕಂಪನಿ ನಿಲ್ಲಿಸಿದ್ದು 1996ಕ್ಕ. 2001ರಾಗ ಹುಟ್ಟಿದ ಆರ್‌ಎಕ್ಸ್ 100 ಅಂದ್ರ ಅಪ್ಪ ಸತ್ತು ಐದು ವರ್ಷಕ್ಕ ಹುಟ್ಟಿದ ಮಗಾ ಇದ್ದಂಗ. ಆರ್‌ಸಿ ಬ್ಯಾರೆ ಗಾಡೀದಿರಬೇಕು, ಇಲ್ಲಾ ಆರ್‌ಎಕ್ಸ್ 135ಕ್ಕ 100ರ ಬ್ಯಾಡ್ಜ್ ಹಚ್ಚಿರಬೇಕು. 135 ಕೆಟ್ಟ ಗಾಡಿ ಏನಲ್ಲ, ಆದ್ರ ಈ ರೇಟ್ ಅದಕ್ಕಲ್ಲ.

ಇನ್ನೂ ಆಸೆ ಬಿಟ್ಟಿಲ್ಲಂದ್ರ ಒಂದು ಹಳೇ ಬಟ್ಟಿ, ತುಸು ಪೆಟ್ರೋಲ್, ಒಂದು ಟಾರ್ಚ್ ತಗೊಂಡು ಹೋಗು. ಚಾಸಿ ನಂಬರ್ ಮ್ಯಾಲಿನ ಧೂಳು-ಗ್ರೀಸ್ ಒರಸಿ ನೋಡು. ಎಂಜಿನ್, ಚಾಸಿ ಎರಡರ ನಂಬರೂ 1ಎಲ್1 ಅಂತ ಶುರು ಆಗಬೇಕು. ಅಕ್ಷರದ ಸುತ್ತಿನ ಜಾಗಾ ಉಗುರಿಲೆ ಸವರು. ಗ್ರೈಂಡರ್ ಹೊಡದು ಮತ್ತ ಪಂಚ್ ಮಾಡಿದ್ರ ಆ ಜಾಗಾ ಆಜೂಬಾಜೂಕಿಂತ ಒಂದು ಎಳಿ ತಗ್ಗು ಇರ್ತೈತಿ, ಅಕ್ಷರ ಒಂದು ಎತ್ತರ ಒಂದು ಗಿಡ್ಡ ಇರ್ತಾವ. ಹೊಸ ಬಣ್ಣ ನಂಬರ್ ಮ್ಯಾಲನ ದಪ್ಪ ಕೂತಿದ್ರ, ಸುಮ್ನ ಕೂಡಿಸಿದ್ದಲ್ಲ ಅದು. ಆರ್‌ಟಿಓದಾಗ ಬಿ ಎಕ್ಸ್‌ಟ್ರ್ಯಾಕ್ಟ್, ಅಂದ್ರ ಗಾಡಿ ದಾಖಲೆದ ಪ್ರತಿ, ತಗಸು. ಸಾಲ ಐತೇನು, 15 ವರ್ಷ ಆದ ಮ್ಯಾಲ ರಿನ್ಯೂವಲ್ ಮಾಡಿಸ್ಯಾರೇನು, ಎಷ್ಟನೇ ಮಾಲಕ, ಎಲ್ಲಾ ಅದರಾಗ ಬರ್ತೈತಿ. ಕಾಗದಾ ಸರಿ ಇಲ್ಲದ ಗಾಡಿ ಎಷ್ಟ ಚಂದ ಇದ್ರೂ ಅಂಗಳದಾಗಿನ ಬೊಂಬಿ.

ಎಂಜಿನ್ ಕೇಳೂದಾದ್ರ, ತಣ್ಣಗ ಇದ್ದಾಗ ಕೇಳು. ನೀ ಬರೂಕಿಂತ ಮೊದಲನ ಮಾರಾವ ಚಾಲೂ ಮಾಡಿ ಕಾಯಿಸಿಟ್ಟಿದ್ರ, ನಾಳೆ ಬರ್ತೀನಿ ಅಂತ ಹೇಳಿ ಬಾ. 98 ಸಿಸಿ, 11 ಹಾರ್ಸ್‌ಪವರ್, ಅಷ್ಟಕ್ಕ ಆ ಗಾಡಿ ಅಷ್ಟು ಹೆಸರು ಮಾಡಿದ್ದು ಹಗುರ ಮೈಯಿಂದ. ಪೋರ್ಟ್ ಅಗಲ ಮಾಡಿ, ಸೈಲೆನ್ಸರ್ ಬದಲಿ ಮಾಡಿ ಕಿರಚೂವಂಗ ಮಾಡಿದ ಗಾಡಿ ತಗೋಬ್ಯಾಡ. ಪೋಲೀಸರು ಹಿಡಿಯೂದು ಒಂದು, ಅಗಲಾದ ಪೋರ್ಟ್ ಮತ್ತ ಸಣ್ಣದಾಗಂಗಿಲ್ಲ ಅನ್ನೂದು ಇನ್ನೊಂದು. ಇದರಾಗ ಆಯಿಲ್ ಪಂಪ್ ಬ್ಯಾರೆ ಐತಿ, ಪೆಟ್ರೋಲಿಗೆ ಆಯಿಲ್ ಕೂಡಿಸೂ ಕೆಲಸ ಇಲ್ಲ. ಆದ್ರ ಆ ಪಂಪ್ ಬಿಚ್ಚಿ ಒಗದು, ತೂತು ಮುಚ್ಚಿ, ಪೆಟ್ರೋಲ್‌ದಾಗನ ಆಯಿಲ್ ಹಾಕಿ ಓಡಿಸಿದ ಗಾಡಿ ಭಾಳ ಅದಾವ. ಕೇಳದ ತಗೊಂಡು, ಪಂಪ್ ಐತಿ ಅಂತ ತಿಳಕೊಂಡು ಬರೇ ಪೆಟ್ರೋಲ್ ಹಾಕಿಸಿದಿ ಅಂದ್ರ ಧಾರವಾಡ ಮುಟ್ಟೂಕಿಂತ ಮೊದಲನ ಎಂಜಿನ್ ಹಿಡೀತೈತಿ.

ಪ್ರ: ನನ್ನದು 1986ರ ಬುಲೆಟ್ 350. ತಣ್ಣಗಿದ್ದಾಗ ಕಿಕ್ ತಿರುಗಿ ಹೊಡೆಯುತ್ತದೆ, ಹಿಮ್ಮಡಿ ಊದಿಕೊಂಡು ಒಂದು ವಾರ ಅಂಗಡಿಗೆ ಹೋಗಿಲ್ಲ. ಬಿಸಿ ಆದ ಮೇಲೆ ಬಂದ್ ಮಾಡಿದರೆ ಅರ್ಧ ತಾಸು ಚಾಲೂ ಆಗುವುದಿಲ್ಲ.
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉ: ಸಾವಕಾರ್ರ, ಇವು ಎರಡು ಬ್ಯಾರೆ ಬ್ಯಾರೆ ರೋಗ, ಆದ್ರ ಎರಡೂ ಒಂದ ಡಬ್ಬ್ಯಾಗ ಅದಾವ. ಪ್ಲಗ್ಗಿಗೆ ಕಿಡಿ ಕೊಡೂ ಪಾಯಿಂಟ್ ಇರೂ ಡಬ್ಬಿ ಬಿಚ್ಚ್ರಿ. ಪಾಯಿಂಟ್ ಪ್ಲೇಟಿನ ಕೆಳಗ ಎರಡು ಸಣ್ಣ ತೂಕ, ಎರಡು ಸ್ಪ್ರಿಂಗ್ ಅದಾವ. ಎಂಜಿನ್ ಜೋರಾದಂಗ ತೂಕ ಹೊರಗ ಸರದು ಕಿಡಿ ಮೊದಲ ಬರೂವಂಗ ಮಾಡ್ತಾವ, ನಿಧಾನ ಆದ್ರ ಸ್ಪ್ರಿಂಗ್ ಅವನ್ನ ಒಳಗ ಎಳೀತಾವ. ಸ್ಪ್ರಿಂಗ್ ಸಡ್ಲಾಗಿ, ಇಲ್ಲಾ ಜಂಗ್ ಹಿಡದು ತೂಕ ಹೊರಗ ನಿಂತುಬಿಟ್ರ, ಕಿಕ್ ಹೊಡಿಯೂವಾಗನೂ ಕಿಡಿ ಅವಸರ ಮಾಡಿ ಬರ್ತೈತಿ. ಪಿಸ್ಟನ್ ಇನ್ನೂ ಮ್ಯಾಲ ಹೊಂಟಿರ್ತೈತಿ, ಅದನ್ನ ಉಲ್ಟಾ ದೂಡ್ತೈತಿ, ಪೆಟ್ಟು ನಿಮ್ಮ ಕಾಲಿಗೆ. ಬೆರಳಿಲೆ ತಿರುವಿ ಬಿಡ್ರಿ, ಟಪ್ ಅಂತ ವಾಪಸ್ ಬರಬೇಕು. ಸ್ವಚ್ಛ ಮಾಡಿ ಒಂದು ಹನಿ ಎಣ್ಣಿ ಹಾಕ್ರಿ, ಒಂದ, ಹೆಚ್ಚಲ್ಲ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಕಾಯ್ದಾಗ ಚಾಲೂ ಆಗದ್ದು ಕಂಡೆನ್ಸರ್ ಇರಬೇಕು. ಪಾಯಿಂಟಿನ್ಯಾಗ ನೀಲಿ ಕಿಡಿ ಜೋರು ಹಾರಾಕತ್ತಿದ್ರ ಅದ. ಕಮ್ಮಿ ರೇಟಿನ ಡುಪ್ಲಿಕೇಟ್ ಕಂಡೆನ್ಸರ್ ಹೊಸಾದಿದ್ರೂ ನಂಬಬ್ಯಾಡ್ರಿ. ಹಳೇ ಒರಿಜಿನಲ್ ಸಿಕ್ರ ಅದನ್ನ ಹಾಕ್ರಿ.

ಕಾಲು ವಾಸಿ ಆದ ಮ್ಯಾಲ ಕಿಕ್ ಹಿಂಗ ಹೊಡೀರಿ. ಚಾವಿ ಹಾಕಿ, ಕಿಕ್ ಮೆತ್ತಗ ಒತ್ತಕೋತ ಆ್ಯಂಪಿಯರ್ ಮುಳ್ಳು ನೋಡ್ರಿ. ಮುಳ್ಳು ನಡುವ ಬಂದು ನಿಂತ ಕೂಡ್ಲೆ ಸಿಲಿಂಡರಿನ ಒತ್ತಡ ಬಿಡೂ ಡಿಕಂಪ್ರೆಷನ್ ಲಿವರ್ ಹಿಡದು ಕಿಕ್ ಇನ್ನೊಂದು ಸ್ವಲ್ಪ ಒತ್ತ್ರಿ, ಲಿವರ್ ಬಿಡ್ರಿ, ಕಿಕ್ ಮ್ಯಾಲ ಬರಲಿ. ಈಗ ಒಂದ ಪೂರಾ ಕಿಕ್, ಅರ್ಧಕ್ಕ ಕಾಲು ಎತ್ತಬಾರದು. ಬುಲೆಟ್ಟಿಗೆ ಜೋರು ಬ್ಯಾಡ, ಹೊತ್ತು ಗೊತ್ತಿರಬೇಕು.

ಮತ್ತ ನಿಮ್ಮ ಏರ್ ಫಿಲ್ಟರ್ ನೋಡ್ರಿ. ನಿಮ್ಮೂರಿಂದ ಬಂದ ಒಂದು ಬುಲೆಟ್ಟಿನ ಫಿಲ್ಟರ್ ನಾನು ಬಾಯಿಲೆ ಊದಿದ್ದೆ. ಆ ದಿನ ಮಧ್ಯಾಹ್ನದ ಊಟಾ ಆಗಲಿಲ್ಲ.

ಪ್ರ: ಈಗಿನ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಹಳೆಯ ಟೂ ಸ್ಟ್ರೋಕ್‌ಗೆ ಆಗುತ್ತದೆಯೇ? ಆಯಿಲ್ ಎಷ್ಟು ಕೂಡಿಸಬೇಕು?
— ರಾಣೇಬೆನ್ನೂರು

ಉ: ದಿನಾ ಓಡಿಸೂ ಗಾಡಿಗೆ ಅಷ್ಟು ತ್ರಾಸಿಲ್ಲ, ನಿಂತ ಗಾಡಿಗೆ ಐತಿ. ಎಥೆನಾಲ್ ಗಾಳ್ಯಾಗಿನ ನೀರು ಎಳಕೋತೈತಿ, ಹೆಚ್ಚಾದ್ರ ನೀರು-ಎಥೆನಾಲ್ ಎರಡೂ ಕೂಡಿ ಟ್ಯಾಂಕಿನ ತಳಕ್ಕ ಬ್ಯಾರೆ ಕೂಡ್ತಾವ. ಹದಿನೈದು ದಿನ ಗಾಡಿ ತಗಿಯಂಗಿಲ್ಲ ಅಂದ್ರ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿ ಆಗೂತನಕ ಓಡಿಸಿ ನಿಲ್ಲಿಸ್ರಿ. ಹಳೇ ರಬ್ಬರ್ ಪೈಪ್ ಬದಲಾಯಿಸ್ರಿ. ಪ್ಲಗ್ ಬಿಚ್ಚಿ ನೋಡ್ರಿ, ಬೆಲ್ಲದ ಬಣ್ಣ ಇದ್ರ ಛಲೋ, ವಿಭೂತಿಯಂಗ ಬೆಳ್ಳಗ ಇದ್ರ ಕಾರ್ಬೊರೇಟರಿನ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕ್ರಿ. ಯೆಜ್ಡಿಗೆ ಹಿಂದ ಲೀಟರಿಗೆ 40 ಎಂಎಲ್ ಹಾಕ್ತಿದ್ವಿ. ಈಗಿನ ಆಯಿಲ್ ಛಲೋ ಐತಿ, ನಾನು 30 ಹಾಕ್ತೀನಿ. ಹೊಸ ಪಿಸ್ಟನ್ ಹಾಕಿದ ಮೊದಲಿನ ಎರಡು ಟ್ಯಾಂಕಿಗೆ ಮಾತ್ರ ಮತ್ತ 40.

ಪ್ರ: ಅಜ್ಜನ 1968ರ ಜಾವಾ ನನ್ನ ಪಾಲಿಗೆ ಬಂದಿದೆ. ನಾನು ಶಾಲೆಯಲ್ಲಿ ಶಿಕ್ಷಕಿ, ಅದನ್ನು ಓಡಿಸಲು ಕಲಿತಿದ್ದೇನೆ. ವಿಂಟೇಜ್ ನೋಂದಣಿ ಮಾಡಿಸಿ ಎಂದು ಹಲವರು ಹೇಳುತ್ತಿದ್ದಾರೆ.
— ಧಾರವಾಡ

ಉ: ಅಕ್ಕೋರ, ಓಡಿಸಾಕ ಕಲ್ತೀನಿ ಅಂದ್ರಲ್ಲ, ಅದನ್ನ ಓದಿ ನಮ್ಮ ಭಾನುವಾರದ ಮಂದಿಗೆ ಜೋರಾಗಿ ಓದಿ ಹೇಳಿದೆ. ನಾವು ಹತ್ತು-ಹನ್ನೆರಡು ಮಂದಿ ಮುಂಜಾನೆ ಉಣಕಲ್ ಕೆರಿ ಹತ್ತರ ಕೂಡಿ ನುಗ್ಗಿಕೇರಿ ಹನಮಪ್ಪಗ ಕೈಮುಗದು ಬರ್ತೀವಿ. ಅದರಾಗ ನಾಕು ಮಂದಿಗೆ ಕ್ಲಚ್ ಹಿಡೀದ ಜಾವಾ ಗೇರ್ ಬದಲಾಯಿಸ್ತೈತಿ ಅನ್ನೂದ ಗೊತ್ತಿಲ್ಲ.

ವಿಂಟೇಜ್ ನಿಯಮ 2021ರ ಜುಲೈದಾಗ ಬಂತು. ಮೊದಲು ನೋಂದಣಿ ಆಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಾಗ ಇರಬೇಕು. ಫೀ 20,000 ರೂಪಾಯಿ, ಹತ್ತು ವರ್ಷ ನಡೀತೈತಿ, ಮುಂದ ಮತ್ತ ಮಾಡಸಾಕ 5,000. ಹೊಸದಾಗಿ ನೋಂದಣಿ ಆಗೂ ಗಾಡಿಗೆ ವಿಎ ಅಂತ ಬ್ಯಾರೆ ಸರಣಿ ನಂಬರ್. ಮೊದಲನ ನಂಬರ್ ಇದ್ದವರು ಹಳೇದ ಇಟಗೋಬಹುದು. ಇಷ್ಟು ಕೇಳಿದ್ರ ಛಲೋ ಅನಸ್ತೈತಿ. ಆದ್ರ ಹಂಗ ಮಾಡಿಸಿದ ಗಾಡಿ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್, ಇಂಥಾವಕ್ಕ ಅಷ್ಟ ರಸ್ತೆಕ್ಕ ತರಬೇಕು. ದಿನಾ ಸಾಲಿಗೆ ಹೋಗಾಕ ಬರಂಗಿಲ್ಲ. ನಿಮ್ಮ ಆರ್‌ಸಿ ಚಾಲ್ತಿ ಇದ್ರ ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಿಕೋತ ಓಡಿಸ್ರಿ ಅಂತ ನನ್ನ ಸಲಹೆ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರ ತನಕ ಆ ಗಾಡಿಗಳನ್ನ ಮಾಡಿದ್ದು ಮಂದಿ ಓಡಿಸಲಿ ಅಂತ. ಕಪಾಟಿನ್ಯಾಗ ಇಡಾಕ ಅಲ್ಲ.

6 ವೋಲ್ಟಿನ ಲೈಟು, ಕತ್ತಲಾಗೂಕಿಂತ ಮೊದಲ ಮನಿ ಮುಟ್ಟ್ರಿ. ಚಾವಿ ಕಳಕೊಂಡ್ರ ಚಿಂತಿ ಬ್ಯಾಡ, ಆ ಕಾಲದ ಜಾವಾ ಚಾವಿ ಅಂದ್ರ ಮೊಳಿ ಇದ್ದಂಗ. ಅದಕ್ಕ ಸಾಲಿ ಮುಂದ ಬಿಟ್ಟು ಹೋಗುವಾಗ ಹ್ಯಾಂಡಲ್ ಲಾಕ್ ಹಾಕ್ರಿ, ನಿಮ್ಮ ಹುಡುಗೂರು ಶ್ಯಾಣ್ಯಾ ಇರ್ತಾರ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಅವತ್ತು ಉಣಕಲ್ಲಿಗೆ ಬರ್ರಿ.

ಪ್ರ: ನಮ್ಮ ದೊಡ್ಡಪ್ಪ ರಾಜದೂತ್ 175ರಲ್ಲಿ ಮೂವತ್ತು ವರ್ಷ ಹಾಲು ಹಾಕಿದರು. ಕ್ಯಾನಿನ ಹಗ್ಗ ಉಜ್ಜಿ ಟ್ಯಾಂಕಿನ ಹಿಂಭಾಗ ಬಣ್ಣ ಹೋಗಿ ತಗಡು ಕಾಣುತ್ತಿದೆ. ಎಂಜಿನ್ ಚೆನ್ನಾಗಿದೆ. ಕಂಪನಿಯ ಮೂಲ ಬಣ್ಣ ಯಾವುದೆಂದು ಹೇಗೆ ತಿಳಿಯುವುದು? ಪಕ್ಕದ ಕ್ಯಾನ್ ಕೊಂಡಿಗಳನ್ನು ತೆಗೆಸಲೇ?
— ಲಕ್ಷ್ಮೇಶ್ವರ

ಉ: ಎಂಜಿನ್ ಛಲೋ ಐತಿ ಅಂತ ಬರದವರು ನೀವೊಬ್ಬರ, ಅದಕ್ಕ ನಿಮ್ಮ ಪತ್ರ ಡಬ್ಬಿ ಕೆಳಗಿಂದ ತಗದೆ.

ಟ್ಯಾಂಕ್ ಬಿಚ್ಚಿ ಬೋರಲಾ ಹಾಕ್ರಿ. ಹೊಟ್ಟಿ ಕೆಳಗ, ಫ್ರೇಮಿಗೆ ಕೂಡೂ ಹರಿಯೊಳಗ ಬಿಸಲು ಬಿದ್ದಿರಂಗಿಲ್ಲ. ಗ್ರೀಸ್, ಧೂಳು, ಹಾಲಿನ ಜಿಡ್ಡು ಎಲ್ಲಾ ಸಬಕಾರ ನೀರಿಲೆ ತೊಳದು ನೋಡ್ರಿ, ಅಲ್ಲಿರೂದು ಕಂಪನಿ ಬಣ್ಣ. ಬ್ಯಾಡ್ಜಿನ ಹಿಂದೂ ಸಿಗ್ತೈತಿ. ನಡುವ ಯಾರಾದ್ರೂ ಹೊಡಸಿದ್ರ 2000 ನಂಬರಿನ ನೀರ್ ಕಾಗದಾ (ನೀರು ಹಚ್ಚಿ ಉಜ್ಜೂ ಕಾಗದಾ) ತಗೊಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗಾ ಮೆತ್ತಗ ಉಜ್ಜ್ರಿ. ಗಿಡದ ಕಾಂಡದಾಗ ಉಂಗುರ ಕಂಡಂಗ ಒಂದೊಂದ ಬಣ್ಣ ಹೊರಗ ಬರ್ತೈತಿ. ಕಡೀ ಬಣ್ಣ, ಅದರ ಕೆಳಗ ಪ್ರೈಮರ್, ಅಲ್ಲಿಗೆ ಕೈ ನಿಲ್ಲಸ್ರಿ. ಆ ನಾಣ್ಯದಷ್ಟು ಜಾಗಾ ತೋರಿಸಿದ್ರ ಪೇಂಟಿನ ಅಂಗಡ್ಯಾವ ಬಣ್ಣ ಕೂಡಿಸಿ ಕೊಡ್ತಾನ.

ಹೊಡಸಬೇಕೋ ಬ್ಯಾಡೋ ನೀವ ನೋಡ್ರಿ. ನನ್ನ ಗಾಡಿ ಆಗಿದ್ರ ಹಗ್ಗ ತಿಕ್ಕಿದ ಜಾಗಕ್ಕ ಜಂಗ್ ಹತ್ತದಂಗ ಮೇಣ ಒರಸಿ ಹಂಗ ಬಿಡ್ತಿದ್ದೆ. ಹೊಸಾ ಬಣ್ಣ ಯಾವಾಗ ಬೇಕಾದ್ರೂ ಸಿಗ್ತೈತಿ, ಮೂವತ್ತು ವರ್ಷ ಹಗ್ಗ ತಿಕ್ಕಿದ ಟ್ಯಾಂಕ್ ಯಾವ ಅಂಗಡ್ಯಾಗೂ ಇಲ್ಲ. ಕೊಂಡಿ ಮಾತ್ರ ತಗಸಬ್ಯಾಡ್ರಿ. ತಗಸೂದ ಖರೇ ಅಂದ್ರ ಗುಜರಿಗೆ ಹಾಕೂಕಿಂತ ಮೊದಲ ಪತ್ರಿಕೆಗೆ ಒಂದು ಕಾರ್ಡ್ ಬರೀರಿ. ನನ್ನ ರಾಜದೂತಿಗೆ ಎಡಗಡೆ ಕೊಂಡಿ ಐತಿ, ಬಲಗಡೇದು ಎಂಟು ವರ್ಷದಿಂದ ಹುಡಕಾಕತ್ತೀನಿ.